ಪಲ್ಪರ್ ತಡೆದು ಆಡಿದ ಆಟ

ಎರಡು ಸಾವಿರದ ದಶಕದ ಮೊದಲ ವರ್ಷಗಳ ಒಂದು ಕೊಯ್ಲು. ಮೂಡಿಗೆರೆ ಸಮೀಪದ ಅಕ್ಕನ ಕಾಫಿ ತೋಟಕ್ಕೆ ಹೋಗಿದ್ದೆ. ಅಟ್ಟ ಗುಡಿಸುವಾಗ ಹಳೆಯ ಕಂಪ್ಯೂಟರ್ ಸಿಕ್ಕಿತು. ಕೀಬೋರ್ಡಿನೊಳಗೇ ಎಲ್ಲ ಅಡಗಿದ್ದ, ಟಿವಿಗೆ ಜೋಡಿಸಿ ಕ್ಯಾಸೆಟ್ಟಿನಿಂದ ಆಟ ತುಂಬಬೇಕಿದ್ದ ಯಂತ್ರ. ಹತ್ತಾರು ವರ್ಷದ ಹಿಂದೆ ಭಾವ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಕ್ಯಾಸೆಟ್ಟುಗಳಲ್ಲಿ ಉಳಿದದ್ದು ವಿಮಾನದಿಂದ ಗುಂಡು ಹಾರಿಸುವ ಆಟ ಮಾತ್ರ. ಮಿಕ್ಕವನ್ನು ಬೂಷ್ಟು ತಿಂದಿತ್ತು.

ಅಕ್ಕ ಮಂಗಳೂರಿನಲ್ಲಿ ಓದುವಾಗ ಇದೇ ಆಟವನ್ನು ವಿಡಿಯೋ ಗೇಮ್ ಪಾರ್ಲರಿನ ದೊಡ್ಡ ಯಂತ್ರದಲ್ಲಿ ಗೆದ್ದಿದ್ದಳು. ಮನೆಯ ಯಂತ್ರಕ್ಕೆ ಇಳಿಸಿದ ಆಟದಲ್ಲಿ ಶತ್ರುವಿನ ಕೊನೆಯ ದೊಡ್ಡ ಯುದ್ಧವಿಮಾನ ಅವಳ ಕೈಯಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಇರುತ್ತಿರಲಿಲ್ಲ. ಕೊಯ್ಲಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶುರುವಾದರೆ ವೋಲ್ಟೇಜ್ ಕುಸಿದು ಕಂಪ್ಯೂಟರ್ ಆಡಿದ್ದನ್ನೆಲ್ಲ ಮರೆಯುತ್ತಿತ್ತು.

"ಇವತ್ತು ಮುಗ್ಸೇ ಏಳೋದು," ಎಂದು ಅಕ್ಕ ಮಧ್ಯಾಹ್ನ ಊಟವಾದ ಮೇಲೆ ಕೂತಳು.

ಟೇಪ್ ಕೀರಲು ದನಿಯಲ್ಲಿ ಓಡಿತು. ಟಿವಿಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಹರಿದಾಡಿದವು. ನಡುವೆ ದನಿ ಎಳೆದಂತಾಗಿ ಮತ್ತೆ ಸರಿಹೋಯಿತು. ಆಟದ ಪ್ರತಿ ಘಟ್ಟವನ್ನೂ ಹೀಗೆ ಬೇರೆಯಾಗಿ ತುಂಬಬೇಕಿತ್ತು. ಕೊನೆಯ ಘಟ್ಟ ತುಂಬಿದ ಕೂಡಲೇ ಟೇಪ್ ರೆಕಾರ್ಡರಿನೊಳಗೆ ಸುತ್ತಿಕೊಂಡು ತುಂಡಾಯಿತು. ಇನ್ನೊಮ್ಮೆ ಆಡುವ ಮಾತಿರಲಿಲ್ಲ.

ಆ ಹೊತ್ತಿಗೆ ಅಂಗಳಕ್ಕೆ ಹಣ್ಣು ಬಂತು. ಮೇಸ್ತ್ರಿ ಕಿಟಕಿಯ ಹತ್ತಿರ ನಿಂತು, "ಅಮ್ಮಾ, ಮೋಟಾರ್ ಹಾಕ್ಲಾ? ತ್ರೀ ಫೇಸ್ ಕರೆಂಟ್ ಹೋದ್ರೆ ಇವತ್ತು ಬರಲ್ಲ," ಎಂದ. ರಾತ್ರಿಯೆಲ್ಲ ಇಟ್ಟರೆ ಹಣ್ಣು ಹುಳಿಯುತ್ತದೆ, ಕಾಫಿ ಕೆಡುತ್ತದೆ.

"ಸ್ವಲ್ಪ ತಡೀರಿ," ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಭಾವ ಬಾಗಿಲಿಗೆ ಬಂದರು. "ಹಣ್ಣು ಹುಳಿ ಬಂದ್ಮೇಲೆ ಆ ವಿಮಾನದಲ್ಲೇ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಮಿಲ್ಲಿಗೆ ಕಳಿಸ್ತೀಯಾ?"

"ನೀವ್ ಹೋಗಿ ಹಣ್ಣು ಅಳೆಸಿ. ಅಷ್ಟರಲ್ಲಿ ಆಗುತ್ತೆ."

ಅವರು ನಗುತ್ತಾ ಹೋದರೂ ಅಂಗಳದಿಂದ ಎರಡು ಸಲ ಕೂಗಿದರು. ಎರಡನೇ ಸಲ ದನಿಯಲ್ಲಿ ನಗು ಇರಲಿಲ್ಲ.

ಪರದೆಯ ಮೇಲ್ತುದಿಗೆ ದೊಡ್ಡ ವಿಮಾನ ಬಂತು. ಅಕ್ಕನ ವಿಮಾನ ಒಂದು ಬಿತ್ತು. ಮತ್ತೊಂದೂ ಬಿತ್ತು. ಉಳಿದದ್ದು ಕೊನೆಯದು. ದೊಡ್ಡ ವಿಮಾನದ ಎರಡೂ ರೆಕ್ಕೆ ಹೊತ್ತಿದ್ದವು, ಆದರೆ ಅದು ಬೀಳಲಿಲ್ಲ. ಅಂಗಳದಲ್ಲಿ ಅಳತೆ ಮುಗಿದ ಸದ್ದಾಯಿತು. ಅಕ್ಕ ಒಮ್ಮೆ ಕಿಟಕಿಯತ್ತ ನೋಡಿ, ಜಾಯ್‌ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ತಳ್ಳಿ ನೇರವಾಗಿ ಹೋಗಿ ಗುದ್ದಿದಳು. ಎರಡು ವಿಮಾನಗಳೂ ಒಟ್ಟಿಗೇ ಸಿಡಿದವು.

ಪರದೆಯಲ್ಲಿ ‘ಗೇಮ್ ಓವರ್’ ಎಂದು ಬಂತು.

"ಅದೂ ಸುಟ್ಟೋಯ್ತಲ್ಲಕ್ಕ. ಗೆದ್ದಂಗೇ ಅಲ್ವಾ?"

"ಪಾರ್ಲರಲ್ಲಿ ಹಿಂಗೆ ಗುದ್ದಿ ಬೀಳ್ಸಿದ್ರೂ ಗೆದ್ದ ಲೆಕ್ಕ. ಅದ್ನೇ ನೆಚ್ಕೊಂಡೆ. ಮನೆ ಯಂತ್ರಕ್ಕೆ ಇಳಿಸ್ದೋರು ಬೇರೆ ಥರ ಬರ್ದಿದಾರೆ."

"ಆದ್ರೂ..."

"ಆದ್ರೂ ಇಲ್ಲ, ಗೀದ್ರೂ ಇಲ್ಲ ಮಾರಾಯ. ಸೋತೆ." ಆಮೇಲೆ ಕಿಟಕಿಯತ್ತ ತಿರುಗಿ ಗಟ್ಟಿಯಾಗಿ, "ಹಾಕಿ ಮೇಸ್ತ್ರಿ!" ಎಂದಳು.

ಪಲ್ಪರ್ ಶುರುವಾಗಿ ಪರದೆಯ ಅಕ್ಷರಗಳು ಕುಗ್ಗಿ ಆರಿಹೋಗುವವರೆಗೂ ಅವಳು ಜಾಯ್‌ಸ್ಟಿಕ್ ಮೇಲಿನ ಕೈ ತೆಗೆಯಲಿಲ್ಲ.