ಮಠದ ಕಲ್ಲು ಹೊತ್ತವರು

ಆಂಧ್ರದ ಗಡಿಯ ಹೇಮಾವತಿಗೆ ಹತ್ತಿರದ ನಮ್ಮೂರಿನ ಹೊರಗೆ ಒಂದು ಹಳೆಯ ಮಠ ಹಾಳುಬಿದ್ದಿದೆ. ಛಾವಣಿ ಇಲ್ಲ, ನಾಲ್ಕು ಕಂಬ, ಅರ್ಧ ಗೋಡೆ. ಮಿಕ್ಕದ್ದೆಲ್ಲ ಊರೊಳಗಿದೆ. ಬಚ್ಚಲಿಗೆ, ಮೆಟ್ಟಿಲಿಗೆ, ಕುರಿದೊಡ್ಡಿಗೆ ಎಲ್ಲರೂ ಅಲ್ಲಿಂದಲೇ ಕಲ್ಲು ತಂದವರು. ಒಂದೇ ಕಟ್ಟಳೆ: ಕೆತ್ತನೆಯ ಮುಖವನ್ನು ನೆಲಕ್ಕೆ ಮಾಡಿ ಹಾಕಬೇಕು. ಕೆತ್ತನೆ ಕಾಣದಿದ್ದರೆ ಅದು ಬರೀ ಕಲ್ಲು.

ಅಪ್ಪ ಮಾತ್ರ ದೊಡ್ಡಿಯ ಬಾಗಿಲಿಗೆ ತಂದ ಕಲ್ಲನ್ನು ಕೆತ್ತನೆ ಮೇಲೆ ಮಾಡಿ ಹಾಕಿದ. ಅದರ ಹಂಸಗಳ ಸಾಲು ಅವನಿಗೆ ಇಷ್ಟವಾಗಿತ್ತು. ಆ ಬೇಸಿಗೆ ಅವನು ಊರ ಯಜಮಾನನ ಹೊಲ ಬಿಟ್ಟು, ಗೊಬ್ಬರಕ್ಕೆಂದು ಬೇರೊಬ್ಬರ ಹೊಲದಲ್ಲಿ ಮೊದಲು ಕುರಿ ಮಂದೆ ನಿಲ್ಲಿಸಿದ್ದ. ಯಜಮಾನ ಪಂಚಾಯಿತಿ ಸೇರಿಸಿದ. ದೇವರ ಕಲ್ಲು ಕದ್ದವನೆಂದು ಹೇಳಿ, ಅದನ್ನು ಅಪ್ಪನ ತಲೆಯ ಮೇಲೆ ಹೊರಿಸಿ ಮಠಕ್ಕೆ ವಾಪಸು ಕಳಿಸಿದ. ಅನಂತಪುರದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಉಬ್ಬಿದ ಅವನ ಕತ್ತಿನ ನರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಮಾತ್ರ, ಹೊತ್ತದ್ದು ನಿಜ, ಆದರೆ ನೀನು ಆಗ ಊರಲ್ಲೇ ಇರಲಿಲ್ಲ ಅನ್ನುತ್ತಾಳೆ. ಇರಬಹುದು. ಕೇಳಿದ್ದನ್ನೇ ಕಂಡೆನೆಂದು ಕಟ್ಟಿಕೊಂಡಿರಬಹುದು. ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ.

ಹೋದ ವರ್ಷ ಮಠದ ಕಲ್ಲುಗಳನ್ನೆಲ್ಲ ಒಂದೆಡೆ ಸೇರಿಸಿ ಬೇಲಿ ಹಾಕಲು ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬರು ಬಂದರು. ಓದಿದವನೆಂದು ನನ್ನನ್ನು ಜೊತೆಗೆ ಕರೆದರು. ನಾನು ಬೇರಾರ ಮನೆಯನ್ನೂ ತೋರಿಸಲಿಲ್ಲ. ನೇರ ಯಜಮಾನನ ಬಾಗಿಲಿಗೆ ಹೋಗಿ, ಮೆಟ್ಟಿಲುಗಲ್ಲನ್ನು ಮಗುಚಿಸಿ ನೋಡಿ ಎಂದು ತೆಲುಗಿನಲ್ಲಿ ಹೇಳಿದೆ. ಅವರು ಕೂಲಿಗೆ ಕರೆದಿದ್ದ ಊರಿನ ಆಳುಗಳು ಹಾರೆ ಹಾಕಿ ಮಗುಚಿದರು. ಮಣ್ಣು ಕೆರೆದರೆ ಅದೇ ಹಂಸಗಳ ಸಾಲಿನ ಇನ್ನೊಂದು ತುಂಡು.

ಮುದುಕನಾಗಿದ್ದ ಯಜಮಾನ ಜಗಲಿಯಿಂದ ಏಳಲಿಲ್ಲ.

“ಅದನ್ನ ತಂದು ಹಾಕ್ದೋನು ನಿಮ್ಮಪ್ಪನೇ ಕಣಪ್ಪ, ನಮ್ಮನೇಗೆ ಕೂಲಿಗೆ ಬರ್ತಿದ್ದಾಗ. ಅಷ್ಟು ಓದಿದೀಯಲ್ಲ, ಇದನ್ನೂ ಬರ್ಕೊ.”

ನಿಜವೋ ಸುಳ್ಳೋ, ಕೇಳೋಣವೆಂದರೆ ಅಪ್ಪ ಈಗಿಲ್ಲ.

“ತರ್ಸಿದ್ದು ನೀವು ಅಂತ ಬರ್ಕೊಂತೀನಿ, ಯಜಮಾನ್ರೆ,” ಎಂದೆ.

ಅಧಿಕಾರಿ ಟ್ರ್ಯಾಕ್ಟರ್‌ಗೆ ಫೋನ್ ಮಾಡಹೊರಟರು. ಮಠಕ್ಕೆ ಗಾಡಿ ಹೋಗುವ ದಾರಿಯಿಲ್ಲ ಎಂದೆ. ಊರ ಹಿಂಬದಿಯಿಂದ ಒಳ್ಳೆಯ ದಾರಿ ಇತ್ತು, ಅವರಿಗದು ಗೊತ್ತಿರಲಿಲ್ಲ. ಗೊತ್ತಿದ್ದ ಆಳುಗಳು ಅದನ್ನು ಹೇಳದೆ, ಕಲ್ಲಿಗೂ ಕೈ ಹಾಕದೆ, ಹಾರೆ ಹಿಡಿದು ಪಕ್ಕಕ್ಕೆ ಸರಿದರು. ಕೊನೆಗೆ ಯಜಮಾನನ ಇಬ್ಬರು ಮಕ್ಕಳೇ ಕಲ್ಲಿಗೆ ಹಗ್ಗ ಬಿಗಿದು, ಬೊಂಬು ತೂರಿಸಿ ಹೆಗಲಿಗೇರಿಸಿಕೊಂಡರು. ಹತ್ತಿರವಾಗುತ್ತದೆಂದು ಓಣಿಗೆ ತಿರುಗಿದರು. ಓಣಿ ಬೇಡ, ದೊಡ್ಡ ಬೀದಿಯಲ್ಲೇ ಹೋಗಿ ಎಂದೆ.

ಅರ್ಧ ದಾರಿಯಲ್ಲಿ ಹಿರಿಯವನು ಕಲ್ಲು ಇಳಿಸಿದ. ಅಂಗಿ ಬೆನ್ನಿಗೆ ಅಂಟಿತ್ತು. ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು.

“ಒಂದು ಕೈ ಹಾಕಣ್ಣ,” ಎಂದ.

ನಾನು ಹಾಕಲಿಲ್ಲ.