ಸೋಲಿಸಿದವಳ ಗೆಲುವಿಗೆ ಕಾದ ದಿನ

ಎರಡು ನಿಮಿಷ ಹನ್ನೊಂದು ಸೆಕೆಂಡು. ಅಷ್ಟರಲ್ಲಿ ಎಲ್ಲ ಮುಗಿದೇ ಹೋಯಿತು. ಎದುರಿನ ಹುಡುಗಿ ಇವಳ ಎರಡೂ ಕಾಲುಗಳನ್ನು ಹೆಣೆದು ಹಿಡಿದು ಹಾಸಿಗೆ ಸುತ್ತುವ ಹಾಗೆ ನಾಲ್ಕು ಸಲ ಉರುಳಿಸಿದ್ದಳು. ಹತ್ತು–ಸೊನ್ನೆ. ಇವಳು ಕೈ ಕುಲುಕಿ ಕೆಳಗಿಳಿದು ಬಂದು ಬೂಟಿನ ದಾರ ಬಿಚ್ಚುತ್ತಾ ಕೂತಳು. ಮೈ ಇನ್ನೂ ಬೆವರಿರಲಿಲ್ಲ.

ಎಲ್ಲರೂ ಇವಳನ್ನು ಕರೆಯುವುದು ಇರುವೆ ಅಂತ. ಕುಸ್ತಿ ಕಲಿಯಲು ಹೋದ ಮೊದಲ ದಿನವೇ ತನ್ನ ಒಂದೂವರೆಯಷ್ಟಿದ್ದವಳನ್ನು ಹೆಗಲ ಮೇಲೆ ಹೊತ್ತು ನಡೆದದ್ದಕ್ಕೆ ಕೋಚ್ ಇಟ್ಟ ಹೆಸರು. ಮದುವೆಯಾದ ಮೇಲೆ ಗಂಡನ ಬಾಯಿಗೂ ಅದೇ ಹತ್ತಿತು. ಕೆಲಸ ಪಾರ್ಸೆಲ್ ಕಚೇರಿಯಲ್ಲಿ, ತೂಕದ ಕೌಂಟರಿನ ಹಿಂದೆ. ಪೆಟ್ಟಿಗೆ ಕೈಗೆತ್ತಿಕೊಂಡರೆ ಸಾಕು, ಯಂತ್ರ ಹೇಳುವ ಮೊದಲೇ ಹೇಳಿಬಿಡುತ್ತಾಳೆ. ಮಗಳಿಗೆ ವರ್ಷ ತುಂಬಿ ಕೆಲಸಕ್ಕೆ ಮರಳಿದ ದಿನ ಅದೇ ಯಂತ್ರದ ಮೇಲೆ ತಾನೇ ಹತ್ತಿ ನಿಂತಿದ್ದಳು: ಅರವತ್ತೊಂದು ಕಿಲೋ. ಅಲ್ಲಿಂದ ಐವತ್ತಕ್ಕಿಳಿಯಲು ಹದಿನಾಲ್ಕು ತಿಂಗಳು ಹಿಡಿಯಿತು.

"ಎಲ್ಲರ ಮನೆ ಸೊಸೆಯಂದಿರು ಮಗು ಆದ್ಮೇಲೆ ಮೈಕೈ ತುಂಬ್ಕೊಳ್ತಾರೆ. ನಮ್ಮನೇದು ದಿನಾ ತಿಕ್ಕಿದ ಸೋಪಿನ ಹಾಗೆ ಸವೆದುಹೋಗ್ತಾ ಇದೆ" ಎಂದು ಅತ್ತೆ ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಹೇಳಿಕೊಂಡ ಮೇಲೆ ಮಗುವನ್ನು ಸೊಂಟಕ್ಕೇರಿಸಿಕೊಂಡು, "ನೀನು ಹೋಗಿ ಓಡಿ ಬಾರಮ್ಮ, ಇವಳನ್ನ ನಾನು ನೋಡ್ಕೋತೀನಿ" ಎನ್ನುತ್ತಿದ್ದವರೂ ಅವರೇ.

ಕೋಚ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಇರುವೆ, ಆ ಹುಡುಗಿ ಫೈನಲ್‌ಗೆ ಹೋದ್ರೆ ನಿಂಗೆ ನಾಳೆ ಇದೆ. ಅಲ್ಲೀವರೆಗೂ ಬಾಯಿ ಕಟ್ಟು. ನೀರೂ ಅಷ್ಟೇ, ಒಂದೊಂದೇ ಗುಟುಕು."

"ಹೋಗ್ತಾಳಾ ಸರ್?"

"ನಿನ್ನ ಚೆಂಡಾಡಿದ್ದು ನೋಡಿದ್ರೆ ಹೋಗ್ಲೇಬೇಕು."

ನಗಿಸಲು ಹೇಳಿದ್ದು. ಇಬ್ಬರೂ ನಗಲಿಲ್ಲ. ಈ ಆಟದ ನಿಯಮವೇ ಹಾಗೆ: ಸೋಲಿಸಿದವಳು ಫೈನಲ್ ಮುಟ್ಟಿದರೆ, ಅವಳ ಕೈಯಲ್ಲಿ ಸೋತವರಿಗೆಲ್ಲ ಮಾರನೇ ದಿನ ಮತ್ತೊಂದು ಅವಕಾಶ, ಕಂಚಿನ ಪದಕದವರೆಗೂ ದಾರಿ. ಆದರೆ ಬೆಳಗ್ಗೆ ಎದ್ದು ಮತ್ತೆ ತೂಕಕ್ಕೆ ನಿಲ್ಲಬೇಕು. ಐವತ್ತರ ಮೇಲೆ ಒಂದು ಗ್ರಾಂ ಇದ್ದರೂ ಬಾಗಿಲು ಮುಚ್ಚಿದ ಹಾಗೆ. ಮುಂದಿನ ವರ್ಷ ದೇಶದ ತಂಡದಲ್ಲಿ ಈ ತೂಕಕ್ಕೆ ಹತ್ತೊಂಬತ್ತರ ಹುಡುಗಿಯೊಬ್ಬಳು ತಯಾರಾಗಿ ನಿಂತಿದ್ದಾಳೆ. ಪದಕವಿಲ್ಲದೆ ಮರಳಿದ ಮೂವತ್ತೊಂದರ ತಾಯಿಗೆ ಯಾರೂ ಜಾಗ ಹಿಡಿದಿಡುವುದಿಲ್ಲ. ಇದನ್ನು ಕೋಚ್ ಹೇಳಲಿಲ್ಲ, ಇವಳೂ ಕೇಳಲಿಲ್ಲ. ನಾಳೆ ಸಿಕ್ಕರೆ ಸಿಕ್ಕಿತು. ಇಲ್ಲವಾದರೆ ಆ ಎರಡು ನಿಮಿಷ ಹನ್ನೊಂದು ಸೆಕೆಂಡೇ ಕೊನೆ.

ಕೋಚಿಗೆ ದೊಡ್ಡ ತೂಕದ ಹುಡುಗಿಯರ ಪಂದ್ಯಗಳಿದ್ದವು. ಅವರು ಎದ್ದು ಹೋದರು. ಇವಳು ಗ್ಯಾಲರಿ ಹತ್ತಿ, ಮ್ಯಾಟು ಚೆನ್ನಾಗಿ ಕಾಣುವ ಕಡೆ ಕೂತಳು. ಹೊಟ್ಟೆಯಲ್ಲಿ ಬೆಳಗ್ಗೆ ತೂಕವಾದ ಮೇಲೆ ತಿಂದ ಒಂದು ಮೊಟ್ಟೆ, ಎರಡು ತುಂಡು ಬ್ರೆಡ್ಡು. ಈಗ ಅದನ್ನೂ ತಿನ್ನಬಾರದಿತ್ತೇನೋ ಅನ್ನಿಸುತ್ತಿತ್ತು.

ಮಧ್ಯಾಹ್ನ ಆ ಹುಡುಗಿ ಮತ್ತೆ ಮ್ಯಾಟ್ ಹತ್ತಿದಳು. ತಲೆಗೂದಲನ್ನು ಬಿಗಿಯಾಗಿ ಎರಡು ಗಂಟು ಹಾಕಿದ್ದಳು. ಇರುವೆ ಮನಸ್ಸಿನಲ್ಲೇ ಅವಳಿಗೆ ಗಂಟುಜಡೆ ಎಂದು ಹೆಸರಿಟ್ಟಳು. ಬೆಳಗ್ಗೆ ಕಾಣದ್ದು ಈಗ ಮೇಲಿನಿಂದ ಕಂಡಿತು: ಎಡಗಾಲು ಮುಂದಿಡುವಾಗೆಲ್ಲ ಗಂಟುಜಡೆ ಒಂದು ಕ್ಷಣ ಬಲಗೈ ಇಳಿಬಿಡುತ್ತಾಳೆ. ಬೆಳಗ್ಗೆ ಇದು ಗೊತ್ತಿದ್ದರೆ. ಈಗ ಗೊತ್ತಾಗಿ, ಅದನ್ನು ಬೇರೆ ಯಾರೂ ನೋಡದಿರಲಿ ಎಂದು ಮುಷ್ಟಿ ಬಿಗಿದಳು. ಗಂಟುಜಡೆ ಗೆದ್ದಳು. ಇವಳಿಗೆ ತಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವುದು ಆಮೇಲೆ ಅರಿವಾಯಿತು.

ಪಕ್ಕದ ಸಾಲಿನಿಂದ ದಪ್ಪಗಿನ ಹೆಂಗಸೊಬ್ಬರು ತಿರುಗಿ ನೋಡಿದರು. ಮೂಗು, ಗಲ್ಲ ಎಲ್ಲ ಗಂಟುಜಡೆಯದೇ. ತಾಯಿ ಅಂತ ಯಾರೂ ಹೇಳಬೇಕಿರಲಿಲ್ಲ. ಪರದೇಶದವಳೊಬ್ಬಳು ತಮ್ಮ ಮಗಳಿಗೆ ಚಪ್ಪಾಳೆ ತಟ್ಟುತ್ತಿದ್ದಾಳಲ್ಲ ಎಂದು ಅವರ ಮುಖ ಅರಳಿತು. ಬಂದು ಪಕ್ಕದಲ್ಲೇ ಕೂತು, ಅರ್ಥವಾಗದ ಭಾಷೆಯಲ್ಲಿ ಏನೇನೋ ಹೇಳಿ, ಒಂದು ಕೇಕಿನ ತುಂಡು ಮುಂದೆ ಹಿಡಿದರು. ಇರುವೆ ಬೇಡವೆಂದಳು. ಅವರು ಬಿಡಲಿಲ್ಲ. ಉಪಚಾರಕ್ಕೆ ಬೇಡ ಅನ್ನುವವರನ್ನು ಕಂಡಿರಬೇಕು, ಕೈಗೇ ತುರುಕಲು ನೋಡಿದರು. ಕೊನೆಗೆ ಇವಳು ಎದ್ದು ತಕ್ಕಡಿ ಹತ್ತಿದ ಹಾಗೆ ನಟಿಸಿದಳು. ಮ್ಯಾಟಿನ ಕಡೆ, ಅವರ ಮಗಳ ಕಡೆ ಕೈ ತೋರಿಸಿ, ತಾನೇ ಮಗುಚಿ ಬಿದ್ದ ಹಾಗೆ ಅಂಗೈ ಮಗುಚಿದಳು.

ತಾಯಿಯ ನಗು ಅರ್ಧದಲ್ಲಿ ನಿಂತಿತು. ಕೇಕನ್ನು ಚೀಲದೊಳಗಿಟ್ಟರು. ಇವಳ ಮೊಣಕಾಲು ತಟ್ಟಿ ತಮ್ಮವರ ಗುಂಪಿಗೆ ಹೋದರು. ಅಲ್ಲಿಂದ ಆಗಾಗ ಈ ಕಡೆ ನೋಡುತ್ತಿದ್ದರು. ಮತ್ತೆ ಬರಲಿಲ್ಲ.

ಸಂಜೆ ಸೆಮಿಫೈನಲ್. ಕೊನೆಯ ಇಪ್ಪತ್ತು ಸೆಕೆಂಡಿಗೆ ಗಂಟುಜಡೆ ನಾಲ್ಕು, ಎದುರಾಳಿ ಮೂರು. ಇರುವೆಯ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. "ಕೈ ಮೇಲೆ, ಕೈ ಮೇಲೆ ಇಟ್ಕೊಳೇ" ಎಂದು ತನ್ನ ಭಾಷೆಯಲ್ಲೇ ಗೊಣಗಿದಳು. ಎಡಗಾಲು ಮುಂದೆ ಬಂತು, ಬಲಗೈ ಇಳಿಯಿತು. ಎದುರಾಳಿ ಆ ಸಂದಿಯಲ್ಲೇ ನುಗ್ಗಿದಳು. ಇಬ್ಬರೂ ಮ್ಯಾಟಿನ ಅಂಚಿನಲ್ಲಿ ಒಂದೇ ಮುದ್ದೆಯಾಗಿ ಬಿದ್ದರು. ಎದುರಾಳಿಗೆ ಎರಡು ಪಾಯಿಂಟು.

ಗಂಟುಜಡೆಯ ಕೋಚ್ ಸ್ಪಂಜಿನ ತುಂಡೊಂದನ್ನು ಮ್ಯಾಟಿನ ಮೇಲೆ ಎಸೆದ. ತೀರ್ಪು ಒಪ್ಪೋದಿಲ್ಲ, ವಿಡಿಯೋ ನೋಡಿ ಅಂತ. ದೊಡ್ಡ ಪರದೆಯ ಮೇಲೆ ಅದೇ ಬೀಳುವಿಕೆ ನಿಧಾನವಾಗಿ ಮೂರು ಸಲ ಬಂತು. ಎದುರಾಳಿಯ ಕಾಲು ಗೆರೆಯೊಳಗಿತ್ತೋ ಹೊರಗಿತ್ತೋ; ಹೊರಗಿದ್ದರೆ ಆ ಎರಡು ಪಾಯಿಂಟು ಇಲ್ಲ. ಆ ಒಂದು ಪಾದಕ್ಕೆ ಇರುವೆ ತನ್ನ ಹದಿನಾಲ್ಕು ತಿಂಗಳನ್ನೂ ಕಟ್ಟಿ ನೋಡಿದಳು. ಹೊರಗಿದ್ದ ಹಾಗೆಯೇ ಕಾಣುತ್ತಿತ್ತು. ಮೂರನೇ ಸಲ ಒಳಗೇ ಇತ್ತು.

ಮೇಲ್ಮನವಿ ಬಿದ್ದುಹೋಯಿತು. ಅದಕ್ಕೆ ದಂಡವಾಗಿ ಎದುರಾಳಿಗೆ ಇನ್ನೊಂದು ಪಾಯಿಂಟು. ಆರು–ನಾಲ್ಕು, ಗಂಟುಜಡೆ ಸೋತಳು. ತಾಯಿ ಮೆಟ್ಟಿಲಿಳಿದು ಮಗಳ ಕಡೆ ಓಡಿದರು.

ಇರುವೆ ಕೂತೇ ಇದ್ದಳು. ಗ್ಯಾಲರಿ ಖಾಲಿಯಾಗುತ್ತಾ ಬಂತು. ಕೋಚ್ ಮೆಟ್ಟಿಲು ಹತ್ತಿ ಬಂದು ಎದುರಿಗೆ ನಿಂತರು. ಇಷ್ಟೇ ಹೇಳಿದರು:

"ಇನ್ನು ತಿನ್ನು ಮಗಳೇ."

ಊಟದ ಕೋಣೆಯಲ್ಲಿ ನಾಲ್ಕು ಕುರ್ಚಿಯ ಮೇಜೊಂದರಲ್ಲಿ ಒಬ್ಬಳೇ ಕೂತಳು. ತಟ್ಟೆಯಲ್ಲಿ ಅನ್ನ, ಬೇಯಿಸಿದ ತರಕಾರಿ, ಬ್ರೆಡ್ಡು. ದಿನವಿಡೀ ಹಸಿದಿದ್ದ ಹೊಟ್ಟೆಗೆ ಈಗ ಏನೂ ಬೇಡವಾಗಿತ್ತು. ಆದರೂ ಬೆಳಗ್ಗೆ ವಿಮಾನವಿದೆ, ತಲೆ ತಿರುಗಿ ಬಿದ್ದರೆ ಹಿಡಿಯುವವರಿಲ್ಲ. ಔಷಧಿ ನುಂಗುವ ಹಾಗೆ ತುತ್ತು ನುಂಗತೊಡಗಿದಳು. ಆಗ ಗಂಡನ ಫೋನು ಬಂತು. ಊರಲ್ಲಿ ಇನ್ನೂ ಬಿಸಿಲು.

"ನಾಳೆ ಇದೆಯಾ?"

"ಇಲ್ಲ."

"ಊಟ ಮಾಡಿದ್ಯಾ?"

"ಮಾಡ್ತಾ ಇದೀನಿ."

"ಇರು, ಇವಳು ಕಿತ್ಕೋತಾ ಇದಾಳೆ."

ಆ ಕಡೆ ಫೋನು ಕೈ ಬದಲಾಯಿತು. ಮೂಗಿನ ಉಸಿರು ಕೇಳಿಸಿತು. ಇವಳು ಬಾಯಲ್ಲಿದ್ದುದನ್ನು ಅಗಿಯುತ್ತಲೇ ಇದ್ದಳು.

"ಅಮ್ಮ ಏನೋ ತಿಂತಾ ಇದಾಳೆ," ಮಗಳು ಯಾರಿಗೋ ವರದಿ ಒಪ್ಪಿಸಿದಳು. ಆಮೇಲೆ ಫೋನಿನೊಳಗೆ, "ನಂಗೂ."

ಇರುವೆ ಬ್ರೆಡ್ಡಿನ ಒಂದು ಚೂರು ಮುರಿದಳು. ಗಟ್ಟಿ ಅಂಚು ತೆಗೆದು, ಮೆತ್ತಗಿದ್ದುದನ್ನು ಮಾತ್ರ ಫೋನಿನ ಹತ್ತಿರ ಹಿಡಿದಳು.

"ಆ ಮಾಡು."

"ಆ," ಅಂದಿತು ಮಗು, ತುಂಬಾ ಹೊತ್ತು, ಉಸಿರು ಮುಗಿಯುವವರೆಗೂ.

"ಬಂತಾ?"

"ಬರ್ಲಿಲ್ಲ."

ಅತ್ತೆ ಅಲ್ಲಿ ನಕ್ಕದ್ದು ಕೇಳಿಸಿತು. ಇವಳು ಆ ಚೂರನ್ನು ಸ್ವಲ್ಪ ಹೊತ್ತು ಬೆರಳಲ್ಲೇ ಹಿಡಿದುಕೊಂಡಿದ್ದು, ಮಕ್ಕಳು ಬಿಟ್ಟ ತುತ್ತನ್ನು ತಾಯಂದಿರು ತಿನ್ನುವ ಹಾಗೆ ತಾನೇ ತಿಂದಳು.