ಭಾಗೀರಥಿಯ ಗಾಡಿಗೆ ಗಿರಣಿಯ ರಾಳ

ಮುನವಳ್ಳಿಯ ಅಗಸಿಯ, ಅಂದರೆ ಊರಬಾಗಿಲಿನ, ಹತ್ತಿರ ನಮ್ಮ ಮನೆ. ರಸ್ತೆಯ ಕಡೆಗಿದ್ದ ಸಣ್ಣ ಕೋಣೆಯನ್ನು ತೊಂಬತ್ತರ ದಶಕದ ಕೊನೆಯಲ್ಲಿ ನಾನು ಭಾಗೀರಥಿಗೆ ಬಾಡಿಗೆ ಕೊಟ್ಟಿದ್ದೆ. ಅಲ್ಲಿ ಅವಳು ಎಸ್‌ಟಿಡಿ ಬೂತ್ ನಡೆಸುತ್ತಿದ್ದಳು. ಊರಿನವರು ಅವಳ ಹೆಸರು ಹಿಡಿದು ಕರೆದಿದ್ದು ಕಡಿಮೆ. "ಕುಂಟಿ ಬೂತಿಗೆ ಹೋಗಿ ಫೋನ್ ಮಾಡಿ ಬರ್ತೇನಿ" ಎನ್ನುವರು, ಅದೂ ಅವಳಿಗೆ ಕೇಳುವ ಹಾಗೆ. ನನಗೆ ಮೈ ಉರಿದುಹೋಗುತ್ತಿತ್ತು. ಕನ್ನಡ ಸಾಲೆಯಲ್ಲಿ ಇವರಿಗೆಲ್ಲ ಅಕ್ಷರ ಕಲಿಸಿದವಳು ನಾನೇ. ನಾಲಿಗೆ ಕಲಿಸುವುದು ಮಾತ್ರ ನನ್ನಿಂದಾಗಲಿಲ್ಲ.

ಚಿಕ್ಕಂದಿನಲ್ಲೇ ಪೋಲಿಯೋ ಬಂದು ಅವಳ ಎರಡೂ ಕಾಲು ಸೊರಗಿದ್ದವು. ಊರುಗೋಲು ಹಿಡಿದು ಅಂಗಳದ ತನಕ ಬರುವಳು, ಅದರಾಚೆ ಯಾರಾದರೂ ಹೊರಬೇಕು. ಹೊರುತ್ತಿದ್ದವನು ಅಣ್ಣ ಪರಸಪ್ಪ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಹೊಲದ ಕೆಲಸ ಬಿಟ್ಟು ಬಂದು ತಂಗಿಯನ್ನು ಸಾಲೆಗೆ ಹೊತ್ತುಕೊಂಡು ಬರುತ್ತಿದ್ದ. ಆದರೆ ಹುಡುಗಿ ಬೆಳೆದಳು. ಬಸ್ ಸ್ಟ್ಯಾಂಡಿನಲ್ಲಿ, ದವಾಖಾನೆಯಲ್ಲಿ, ಮದುವೆಮನೆಯಲ್ಲಿ ಕಂಡಕಂಡವರೆಲ್ಲ ಪುಣ್ಯದ ಕೆಲಸವೆಂದು ಬಂದು ಜೋಳದ ಚೀಲದಂತೆ ಎತ್ತಿ ಇಡುವರು. ಒಂದು ದಿನ ಬೂತಿನಲ್ಲಿ ಕುಳಿತು ನನಗೆ ಹೇಳಿದಳು: "ಎತ್ತೂ ಮುಂದ ಒಬ್ಬರರೆ ಕೇಳಬೇಕಿಲ್ರಿ ಅಕ್ಕಾರ, ಎತ್ಲೇನವಾ ಅಂತ? ಸತ್ರೂ ಚಲೋ, ಇನ್ನೊಬ್ಬರ ಕೈಲೆ ಎತ್ತಿಸಿಕೊಳ್ಳಂಗಿಲ್ಲ ನಾ."

ಅದಕ್ಕೆಂದೇ ಆ ಸ್ಕೂಟರು. ಗೇರಿಲ್ಲದ ಹಳೆಯ ಗಾಡಿ, ಕಾಲಿನ ಕೆಲಸವೇ ಬೇಡ. ಹಿಂದೆ ಎರಡು ಕಡೆಗೂ ಒಂದೊಂದು ಗಾಲಿ ಕೂರಿಸಿ, ಪಕ್ಕದಲ್ಲಿ ಊರುಗೋಲಿಗೆ ಕೊಂಡಿ ಮಾಡಿಕೊಟ್ಟವನು ಶಟ್ಟೆಪ್ಪ. ಈ ಶಟ್ಟೆಪ್ಪ ಮೊದಲು ಹಿಟ್ಟಿನ ಗಿರಣಿಯವನು. ಡೀಸೆಲ್ ಎಂಜಿನ್ನಿನ ಗಿರಣಿ, ಬೀಸುವ ಕಲ್ಲನ್ನು ತಿರುಗಿಸುವ ಉದ್ದನೆಯ ಪಟ್ಟಾ, ಮೈಯೆಲ್ಲ ಹಿಟ್ಟು. ಕರೆಂಟಿನ ಗಿರಣಿಗಳು ಬಂದಮೇಲೆ ಅದನ್ನು ಮುಚ್ಚಿ ಅದೇ ಜಾಗದಲ್ಲಿ ಗ್ಯಾರೇಜ್ ಇಟ್ಟ. ಎಂಜಿನ್ ಅಂದರೆ ಎಂಜಿನ್ನೇ, ಅದರಲ್ಲಿ ಹೊಸದೇನು ಹಳೆಯದೇನು ಎನ್ನುವ ಸ್ವಭಾವ ಅವನದು. ಭಾಗೀರಥಿಯನ್ನು ಮಗಳ ಹಾಗೆ ಕಾಣುತ್ತಿದ್ದ, ಅವಳೂ "ಕಾಕಾ" ಎನ್ನುತ್ತಿದ್ದಳು.

ಅವರ ಮನೆ ಇಳಿಜಾರಿನ ಕೆಳಗೆ, ಬೂತು ಏರಿನ ಮೇಲೆ. ಅಂಗಳವೂ ಓಣಿಯ ಕಡೆಗೆ ವಾಲಿತ್ತು. ಆ ಗಾಡಿಗೆ ಸ್ಟ್ಯಾಂಡ್ ಇರಲಿಲ್ಲ, ಮುಂದಿನ ಗಾಲಿಗೆ ಒಂದು ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಭಾಗೀರಥಿ ತಾನೇ ಹತ್ತಿ ಕುಳಿತು ಎಂಜಿನ್ ಶುರು ಮಾಡುವಳು. ಅದು ಬಿಸಿಯಾಗುವ ತನಕ ಅವಳ ಅವ್ವ ಬೀರವ್ವ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಮೇಲೆ ಕೈಯಿಟ್ಟುಕೊಂಡು, ಮಗಳ ಜೊತೆ ಅದೂ ಇದೂ ಮಾತಾಡುವಳು. "ತಗಿಯವಾ" ಎಂದ ಮೇಲೆ ಕಲ್ಲು ತೆಗೆದು ಪಕ್ಕಕ್ಕೆ ಸರಿಯುವಳು. ಗೇರಿಲ್ಲದ ಗಾಡಿ, ಆಕ್ಸಿಲರೇಟರ್ ತಿರುವದೆ ಮುಂದೆ ಹೋಗುವುದಿಲ್ಲ. ಹಾಗಾಗಿ ಅದರ ಮುಂದೆ ಕೂರಲು ಯಾರಿಗೂ ಹೆದರಿಕೆಯಿರಲಿಲ್ಲ. ಬೀರವ್ವನಿಗಂತೂ ಮನೆಯ ಎಮ್ಮೆಯ ಮುಂದೆ ಕೂತಷ್ಟೇ ನಿಶ್ಚಿಂತೆ.

ಒಂದು ಚಳಿಗಾಲದಲ್ಲಿ ಗಾಡಿ ಕೈಕೊಡತೊಡಗಿತು. ಓಟದಲ್ಲಿದ್ದಾಗ ಏನೂ ತೊಂದರೆಯಿಲ್ಲ, ನಿಂತಲ್ಲಿಂದ ಹೊರಡುವಾಗ ಮಾತ್ರ ರಗಳೆ. ಎಂಜಿನ್ ಭೋರೆಂದು ಕೂಗುತ್ತದೆ, ಗಾಲಿ ತಿರುಗುವುದಿಲ್ಲ. ಅಗಸಿಯ ಏರಿನಲ್ಲಿ ನಿಧಾನವಾದರೆ ಮುಗಿಯಿತು, ಸುಟ್ಟ ವಾಸನೆ ಬಂದು ಅಲ್ಲೇ ನಿಂತುಬಿಡುತ್ತದೆ. ಕೂಡಲೇ ಚಹಾದಂಗಡಿಯ ಪುಣ್ಯವಂತರು ಓಡಿ ಬರುವರು, "ಏ ಎತ್ತ್ರಲೇ ಆಕೀನ್ನ!" ಎನ್ನುತ್ತ. ಒಮ್ಮೆ ಅವಳು ಊರುಗೋಲು ಬೀಸಿ ಒಬ್ಬನ ಮೊಣಕೈಗೆ ಹೊಡೆದಳು. ಒಳ್ಳೇದೇ ಮಾಡಿದಳು.

ಶಟ್ಟೆಪ್ಪ ಬಿಚ್ಚಿ ನೋಡಿದ. ಒಳಗಿನ ರಬ್ಬರ್ ಬೆಲ್ಟ್ ನೆಟ್ಟಗಿತ್ತು. ರೋಗ ಇದ್ದದ್ದು ಕ್ಲಚ್ಚಿನಲ್ಲಿ. ಎಂಜಿನ್ ಜೋರಾದಾಗ ಕ್ಲಚ್ಚಿನ ಶೂಗಳು, ಬ್ರೇಕಿನಲ್ಲಿರುವಂಥ ಹಿಡಿಪಟ್ಟಿಗಳು, ಅಗಲಗೊಂಡು ಹೊರಗಿನ ಡ್ರಮ್ಮನ್ನು ಹಿಡಿಯಬೇಕು, ಆಗ ಗಾಲಿ ತಿರುಗುತ್ತದೆ. ಎಂಜಿನ್ ನಿಧಾನವಾದರೆ ಬಿಡಬೇಕು. ಎರಡು ಗಾಲಿಯ ಹೆಚ್ಚಿನ ಭಾರ ಎಳೆದೂ ಎಳೆದೂ ಆ ಶೂಗಳು ಸವೆದು ಗಾಜಿನಂತೆ ನುಣುಪಾಗಿದ್ದವು. ಹಿಡಿಯದೆ ಜಾರುತ್ತಿದ್ದವು.

"ಶೂ ಬದಲಿ ಮಾಡಬೇಕವಾ. ಬೆಳಗಾವ್ಯಾಗ ಇಲ್ಲಂತ, ಪುಣೇದಿಂದ ಬರಬೇಕು. ತಿಂಗಳಾದ್ರೂ ಹಿಡೀತೈತಿ" ಎಂದ.

"ತಿಂಗಳಗಟ್ಲೆ ಅಣ್ಣನ ಬೆನ್ನ ಏರಲೇನ್ರಿ ಕಾಕಾ? ಏನರೆ ಮಾಡ್ರಿ, ನಿಮ್ಮ ಕಾಲ ಬೀಳತೇನಿ."

ಶಟ್ಟೆಪ್ಪ ಗಡ್ಡ ಕೆರೆದುಕೊಂಡು ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ಹಳೆಯ ಡಬ್ಬಿಯಿತ್ತು. ಅದರಲ್ಲಿ ರಾಳ. ಗಿರಣಿಯ ಪಟ್ಟಾ ಜಾರತೊಡಗಿದರೆ ಗಿರಣಿಯವರು ಒಂದು ಚಿಟಿಕೆ ರಾಳದ ಪುಡಿ ಉದುರಿಸುತ್ತಾರೆ, ಪಟ್ಟಾ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹಾಗೆ ಮಾಡಿಯೇ ಅವನು ಅರ್ಧ ಆಯುಷ್ಯ ಊರಿಗೆ ಹಿಟ್ಟು ಬೀಸಿಕೊಟ್ಟಿದ್ದ. ಶೂಗಳ ಮೇಲೆ ರಾಳ ತಿಕ್ಕಿ, ಡ್ರಮ್ಮಿಗೂ ಸವರಿ, ಮುಚ್ಚಿ ಬೋಲ್ಟ್ ಬಿಗಿದ.

ಗಾಡಿ ಅಗಸಿಯ ಏರನ್ನು ಒಂದೇ ಉಸಿರಿಗೆ ಹತ್ತಿತು. ಭಾಗೀರಥಿ ಬೂತಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೇ ಹೊಡೆದಳು. "ಅಬಬಬ, ಸಾಕ ಮಾಡ ತಾಯಿ, ಕಿವಿ ಕಿತ್ತ ಹೋದಾವು" ಎಂದೆ. ಅವಳು ಅಷ್ಟು ನಕ್ಕಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ವಾರ ಕಳೆಯುವುದರೊಳಗೆ ಇನ್ನೊಂದು ಕಾಟ. ನಿಂತಾಗಲೂ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು. ಪೇಟೆಯಲ್ಲಿ ಎರಡೂ ಬ್ರೇಕ್ ಒತ್ತಿ ಹಿಡಿಯಬೇಕಾಗುತ್ತಿತ್ತು. ಶಟ್ಟೆಪ್ಪನಿಗೆ ಹೇಳಿದಳು. "ಹೊಸದಾಗಿ ಹಿಡದೈತಿ, ಹಂಗ ಜಗ್ಗತೈತಿ. ಸವದಂಗ ಸರಿ ಹೋಗತೈತಿ ಬಿಡ" ಎಂದ. ಪಟ್ಟಾಕ್ಕೆ ಹಾಕಿದ ರಾಳ ಹಾಗೆಯೇ ಸವೆಯುತ್ತಿತ್ತಲ್ಲ. ಆದರೆ ಗಿರಣಿಯ ಪಟ್ಟಾ ಬಯಲಲ್ಲಿ ತಿರುಗುತ್ತದೆ, ಈ ಕ್ಲಚ್ಚು ಮುಚ್ಚಿದ ಡಬ್ಬಿಯೊಳಗೆ ಕಾಯುತ್ತದೆ. ರಾಳ ಕಾದು ಅಂಟಾಗಿ, ಗಾಡಿ ನಿಂತ ಮೇಲೆ ಆರಿ ಗಟ್ಟಿಯಾಗುತ್ತದೆ. ಇಷ್ಟು ಅವನಿಗೆ ಹೊಳೆಯಲಿಲ್ಲ.

ಅವತ್ತು ಬೆಳಿಗ್ಗೆ ಥಂಡಿ ಬಹಳವಿತ್ತು. ನಡೆದದ್ದನ್ನು ಕಣ್ಣಾರೆ ಕಂಡವಳು ಅವರ ಎದುರು ಮನೆಯ ಕಾಡವ್ವ, ಬಾಗಿಲಿಗೆ ನೀರು ಹಾಕುತ್ತಿದ್ದಳು. ಭಾಗೀರಥಿ ಗಾಡಿಯ ಮೇಲೆ ಕುಳಿತು ಊರುಗೋಲನ್ನು ಕೊಂಡಿಗೆ ಸಿಕ್ಕಿಸುತ್ತಿದ್ದಳು. ಬೀರವ್ವ ಎಂದಿನಂತೆ ಗಾಲಿಯ ಮುಂದೆ ಕೂತಿದ್ದಳು. "ರೊಟ್ಟಿ ತಣ್ಣಗ ಆಗೂದ್ರಾಗ ತಿನ್ನ, ಮಧ್ಯಾಹ್ನ ಮಾಡಬ್ಯಾಡ" ಎನ್ನುತ್ತಿದ್ದಳಂತೆ. ಭಾಗೀರಥಿ ಚೋಕ್ ಎಳೆದು ಬಟನ್ ಒತ್ತಿದಳು. ಶೂಗಳು ಡ್ರಮ್ಮಿಗೆ ಅಂಟಿಕೊಂಡಿದ್ದವು. ಎಂಜಿನ್ ಹತ್ತಿದ್ದೇ ತಡ, ಅವಳ ಕೈ ಬ್ರೇಕಿಗೆ ಬರುವುದರೊಳಗೆ, ಗಾಡಿ ಕಲ್ಲು ಹಾರಿ, ಬೀರವ್ವನನ್ನು ದಬ್ಬಿಕೊಂಡು ಇಳಿಜಾರಿನಲ್ಲಿ ಓಣಿ ದಾಟಿ ಕಾಡವ್ವನ ಮನೆಯ ಕಟ್ಟೆಗೆ ಹೋಗಿ ಬಡಿಯಿತು. ಬೀರವ್ವನ ತಲೆ ಆ ಕಟ್ಟೆಗೂ ಗಾಡಿಗೂ ನಡುವೆ ಸಿಕ್ಕಿತು.

ಕಾಡವ್ವನ ಕೂಗು ಕೇಳಿ ನಾನು ಓಡಿಹೋದಾಗ ಜೀವ ಹೋಗಿತ್ತು. ಭಾಗೀರಥಿ ಗಾಡಿಯ ಮೇಲೆಯೇ ಇದ್ದಳು. ಇಳಿದು ಅವ್ವನ ಹತ್ತಿರ ಹೋಗಲು ಅವಳಿಗೆ ಊರುಗೋಲು ಬೇಕಿತ್ತು, ಅದು ಅಂಗಳದಲ್ಲಿ ಬಿದ್ದಿತ್ತು. ನಾನು ತಂದುಕೊಟ್ಟೆ.

ಶಟ್ಟೆಪ್ಪ ಬಂದ. ಯಾರೂ ಹೇಳದೆ ತಾನೇ ಗಾಡಿಯ ಪಕ್ಕದ ಮುಚ್ಚಳ ಬಿಚ್ಚಿದ. ಡ್ರಮ್ಮು ಕೈಯಲ್ಲಿ ಹೊರಗೆ ಬರಲಿಲ್ಲ, ಸುತ್ತಿಗೆಯಿಂದ ಬಡಿದಾಗ ಬಂತು. ಒಳಗೆ ಕಂದು ಬಣ್ಣದ ಅಂಟು. ನೋಡುತ್ತಲೇ ಬಾಯಿ ಬಾಯಿ ಬಡಿದುಕೊಂಡ. "ನನ್ನ ಕೈಯಾಗ ಹುಳ ಬೀಳಲಿ, ನಾನ ಕೊಂದ್ನೋ ಯಪ್ಪಾ!" ಪರಸಪ್ಪ ಹೋಗಿ ಅವನ ಕೊರಳಪಟ್ಟಿ ಹಿಡಿದ.

"ಬಿಡ ಅಣ್ಣಾ" ಎಂದಳು ಭಾಗೀರಥಿ. "ಕಾಕಾ ಒಂದ ತಿಂಗಳ ತಡಿ ಅಂದಿದ್ರು. ತಡೀಲಿಲ್ಲ ನಾ. ಬಟನ್ ಒತ್ತಿದಾಕೀನೂ ನಾನ."

ಪರಸಪ್ಪ ಕೈಬಿಟ್ಟ. ತಂಗಿಯ ಕಡೆ ಒಮ್ಮೆ ನೋಡಿದವನು ಆಮೇಲೆ ಅವಳ ಜೊತೆ ಮಾತು ಬಿಟ್ಟ.

ಸಂಜೆ ಬೀರವ್ವನನ್ನು ಇನ್ನೂ ತಗ್ಗಿನಲ್ಲಿ, ಹೊಳೆಯ ಕಡೆಗಿದ್ದ ಅವರದೇ ಹೊಲದಲ್ಲಿ ಮಣ್ಣು ಮಾಡಿದರು. ಭಾಗೀರಥಿ ಮಣ್ಣಿಗೆ ಹೋಗಲಿಲ್ಲ. ಗಂಡಸರ ಹೆಗಲೆಲ್ಲ ಬೀರವ್ವನಿಗೇ ಬೇಕಿತ್ತು, ಇವಳನ್ನು ಕೇಳಿದವರೂ ಇಲ್ಲ. ನೆರೆದ ಬೀಗರು ಅವಳ ಎದುರಿಗೇ ತೀರ್ಮಾನ ಮಾಡಿದರು: ಗಾಡಿ ಗುಜರಿಗೆ ಹಾಕಬೇಕು, ಬೂತನ್ನು ಪರಸಪ್ಪನ ಹೆಂಡತಿ ನೋಡಿಕೊಳ್ಳಬೇಕು, ಇವಳು ಮನೆಯಲ್ಲಿ ಕೂತು ಜ್ವಾಳ ಹಸನು ಮಾಡಬೇಕು. ಹೆಣದ ಮನೆಯಲ್ಲಿ ಇಂಥ ಮಾತಿಗೆ ಇವರಿಗೆ ಬಾಯಾದರೂ ಹೇಗೆ ಬಂತೋ!

ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡುವುದು. ಹಿಂದಿನ ದಿನವೇ ಭಾಗೀರಥಿ ಶಟ್ಟೆಪ್ಪನಿಗೆ ಹೇಳಿ ಕಳಿಸಿದ್ದಳು. ಅವನು ಬಂದು ಅಂಗಳದಲ್ಲಿ ಕೂತು, ಕಣ್ಣೊರೆಸಿಕೊಳ್ಳುತ್ತ, ಶೂಗಳನ್ನೂ ಡ್ರಮ್ಮನ್ನೂ ಪೆಟ್ರೋಲಿನಿಂದ ತೊಳೆದು, ಪಾಲಿಶ್ ಕಾಗದದಿಂದ ಉಜ್ಜಿ ರಾಳದ ಗುರುತಿಲ್ಲದಂತೆ ತೆಗೆದ. "ಇಳಿಜಾರಿಗೆ ಹೋಗತೈತಿ ತಾಯಿ. ಏರಿಗೆ ಜಾರೂದ" ಎಂದ.

"ಹೋಗಾಕರೆ ಆಗತೈತಲ್ರಿ" ಎಂದಳು.

ಅವಳು ಅದೇ ಗಾಡಿಯ ಮೇಲೆ ಕುಳಿತಾಗ ಓಣಿಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. "ಅವ್ವನ್ನ ತಿಂದ ಗಾಡಿ, ನಾಚಿಕಿ ಇಲ್ಲೇನ ಇಕೀಗೆ?" ಎಂದಳೊಬ್ಬಳು. "ನೀ ಹೊತ್ತೊಯ್ತೀಯೇನ ಹಂಗಾರ? ಮುಚ್ಚ ಬಾಯಿ" ಎಂದು ನಾನು ಗದರಿದೆ. ನಾವೆಲ್ಲ ನಡೆದು ಹಿಂದೆ ಹೋದೆವು. ಹೊಲದ ಬದುವಿನ ತನಕ ಗಾಡಿ ಹೋಯಿತು. ಅಲ್ಲಿಂದ ಮುಂದೆ ಉತ್ತ ನೆಲ, ಊರುಗೋಲು ಹೂತುಹೋಗುತ್ತದೆ. ಅವಳು ಅದನ್ನು ಬಿಟ್ಟು ನೆಲಕ್ಕೆ ಕೂತು, ಕೈಯೂರಿ ತೆವಳುತ್ತ ಹೋದಳು. ಹಾಲಿನ ಚರಿಗೆ ನನ್ನ ಕೈಯಲ್ಲಿತ್ತು. ಬೀಗರಲ್ಲಿ ಒಬ್ಬ ಎತ್ತಲು ಬಗ್ಗಿದ, ಅವಳು ನೋಡಿದ ನೋಟಕ್ಕೆ ಹಿಂದೆ ಸರಿದ. ಹಾಲು ತುಪ್ಪ ಬಿಟ್ಟು, ಹಣೆಯನ್ನು ಹಸಿಮಣ್ಣಿಗೆ ಹಚ್ಚಿ ಬಹಳ ಹೊತ್ತು ಅಳುತ್ತ ಬಿದ್ದಿದ್ದಳು. ನನಗೂ ತಡೆಯಲಾಗಲಿಲ್ಲ.

ತಿರುಗಿ ಬರುವಾಗ ಏರು. ಹೊಲದ ದಾರಿ ಊರ ರಸ್ತೆಗೆ ಕೂಡುವಲ್ಲಿ ಗಾಡಿ ನಿಂತಿತು. ಎಂಜಿನ್ ಭೋರೆಂದು ಕೂಗಿತು, ಗಾಲಿ ಕದಲಲಿಲ್ಲ, ಸುಟ್ಟ ವಾಸನೆ ಬಂತು. ಜನ ಸುತ್ತ ನಿಂತರು. ಹಿಂದೆ ಬರುತ್ತಿದ್ದ ಪರಸಪ್ಪ ಹತ್ತಿರ ಬಂದು, ರೂಢಿಯಂತೆ ಅವಳ ಕಂಕುಳಿಗೆ ಕೈ ಹಾಕಲು ಹೋದ.

"ಎತ್ತಬ್ಯಾಡ ಅಣ್ಣಾ" ಎಂದಳು. "ನೂಕು."

ಪರಸಪ್ಪನ ಕೈ ಅಲ್ಲೇ ನಿಂತಿತು. ಮೂರು ದಿನದ ಮೇಲೆ ಅವನ ಬಾಯಿಂದ ಮಾತು ಬಂತು.

"ಅವ್ವನ್ನ ಕೊಂದ್ಯಲ್ಲ."

ಭಾಗೀರಥಿ ಹಿಂದೆ ತಿರುಗಲಿಲ್ಲ. ಹ್ಯಾಂಡಲನ್ನು ಎರಡೂ ಕೈಯಿಂದ ಹಿಡಿದೇ ಇದ್ದಳು.

"ಹೂಂ, ಕೊಂದೆ" ಎಂದಳು. "ನೂಕು."

ಪರಸಪ್ಪ ಹಿಂದೆ ಹೋಗಿ ಗಾಡಿಗೆ ಹೆಗಲು ಕೊಟ್ಟ.